ಬೆಳಗಿನ ಮುಖ, ಸಂಜೆಯ ಮುಖ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಗಡಿಯ ಈಚೆಗಿದ್ದುಕೊಂಡು ಕನ್ನಡದ ದೀಪವನ್ನು ಆರದಂತೆ ಕಾಯ್ದುಕೊಂಡು ಬಂದಿರುವ ಈ ಸಂಘದ ವೇದಿಕೆಯ ಮೇಲೆ ಕವಿಗಳೂ ವಿದ್ವಾಂಸರೂ ನಿಂತು ಮಾತನಾಡುವುದು ವಾಡಿಕೆ. ಅವರ ಸಾಲಿನಲ್ಲಿ ಒಬ್ಬ ವೈದ್ಯನು ಬಂದು ನಿಂತು, ಬೆಳಿಗ್ಗೆ ಮುಖ ತೊಳೆಯುವುದು ಹೇಗೆ, ಸಂಜೆ ತೊಳೆಯುವುದು ಹೇಗೆ ಎಂದು ಹೇಳಹೊರಟರೆ ನಗು ಬರುವುದು ಸಹಜವೇ. ಯಾವ ವಿಷಯವನ್ನು ಕುರಿತು ಮಾತನಾಡುವಿರೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಇದನ್ನೇ ಹೇಳಿದೆ. ಅವರೂ ನಕ್ಕರು. "ಅದರಲ್ಲಿ ಹೇಳುವುದಕ್ಕೆ ಏನಿದೆ, ಡಾಕ್ಟರೇ?" ಎಂದರು. ಇದೆ ಎಂದು ತೋರಿದುದರಿಂದಲೇ ಇಲ್ಲಿ ನಿಂತಿದ್ದೇನೆ.

ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ಕೆಲವು ಕಾಲದ ಹಿಂದೆ, ಹಳ್ಳಿಯಿಂದ ತಾಯಿಯೊಬ್ಬರು ಮದುವೆಗೆ ಬಂದ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗಿಯ ಎರಡು ಕೆನ್ನೆಗಳೂ ಸುಟ್ಟಂತೆ ಕೆಂಪಾಗಿದ್ದವು. ತೆಳ್ಳಗಾದ ಚರ್ಮದೊಳಗಿಂದ ಎಳೆಎಳೆಯಾಗಿ ರಕ್ತನಾಳಗಳು ಕಾಣುತ್ತಿದ್ದವು. ಗಲ್ಲದ ಮೇಲೆ ನವಿರಾದ ಕೂದಲು ಹುಟ್ಟಿತ್ತು. ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ಕುಳಿತರೆ ಉರಿ. ತಾಯಿ ಹೇಳಿದರು: "ಕೆನ್ನೆ ಮೇಲೆ ಬಂಗು ಬಂದಿತ್ತು ಸ್ವಾಮಿ. ಅಂಗಡೀಲಿ ಒಂದು ಟ್ಯೂಬು ಕೊಟ್ರು. ಹದಿನೈದು ದಿನಕ್ಕೆ ಮುಖ ಬೆಳ್ಳಗಾಯ್ತು. ಬಿಟ್ರೆ ಉರಿ ಅಂತಾಳೆ. ಅದಕ್ಕೇ ಬೆಳಿಗ್ಗೆ ಸಾಯಂಕಾಲ ತಪ್ಪದೆ ಹಚ್ತಾ ಇದ್ದೀವಿ." ಎಷ್ಟು ದಿನದಿಂದ ಎಂದು ಕೇಳಿದೆ. ಒಂದೂವರೆ ವರ್ಷವಾಗಿತ್ತು.

ಟ್ಯೂಬನ್ನು ತರಿಸಿ ಓದಿದೆ. ಅದರೊಳಗಿದ್ದುದು ರಾತ್ರಿ ಮಾತ್ರ ಹಚ್ಚಬೇಕಾದ, ಅದೂ ವೈದ್ಯನ ಕಣ್ಣಳತೆಯಲ್ಲಿ ಕೆಲವೇ ವಾರಗಳ ಕಾಲ ಹಚ್ಚಬೇಕಾದ ಔಷಧ. ಮೇಲಿನ ಬರಹ ಇಂಗ್ಲಿಷಿನದು. ಅಂಗಡಿಯಲ್ಲಿ ನಡೆದ ಮಾತು ತಮಿಳಿನದು. ಮನೆಯ ಮಾತು ಕನ್ನಡ. ಈ ಮೂರರ ನಡುವೆ "ರಾತ್ರಿ ಮಾತ್ರ" ಎಂಬ ಎರಡು ಪದಗಳು ಎಲ್ಲಿಯೋ ಬಿದ್ದುಹೋಗಿದ್ದವು. ಆ ಎರಡು ಪದಗಳ ವಿಚಾರವೇ ಇಂದಿನ ನನ್ನ ಮಾತು. ಟ್ಯೂಬಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಚರ್ಮಕ್ಕೆ ಹಗಲು ಬೇರೆ, ರಾತ್ರಿ ಬೇರೆ ಏಕೆ ಎಂಬುದನ್ನು ತಿಳಿಯಬೇಕು.

ನಮ್ಮ ಹಿರಿಯರಿಗೆ ಈ ಭೇದ ತಿಳಿಯದೆ ಇರಲಿಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಗೆಂದೇ ಒಂದು ಅಧ್ಯಾಯವಿದೆ. ಎಣ್ಣೆ ತಿಕ್ಕುವುದು, ಹಿಟ್ಟು ಹಚ್ಚಿ ಉಜ್ಜುವುದು, ಸ್ನಾನ, ಎಲ್ಲವನ್ನೂ ಅಲ್ಲಿ ಕ್ರಮವಾಗಿ ಹೇಳಿದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೆಂಗಸರಿಗೆ ಮಂಗಳವಾರ ಶುಕ್ರವಾರ, ಗಂಡಸರಿಗೆ ಶನಿವಾರ ಎಂದು ಎಣ್ಣೆನೀರಿನ ದಿನಗಳು ಗೊತ್ತಾಗಿದ್ದ ಮನೆಗಳಲ್ಲಿಯೇ ನಮ್ಮಲ್ಲಿ ಬಹು ಮಂದಿ ಬೆಳೆದವರು. ಬೆಳಗಿನ ಮುಖಮಜ್ಜನ ಕುಂಕುಮ ವಿಭೂತಿಗಳಿಗೆ ಮುಂಚಿನದು. ಸಂಜೆಯದು ದೀಪ ಹಚ್ಚುವುದಕ್ಕೆ ಮುಂಚಿನದು. ಹೊಲದಿಂದ ಬಂದವರು ಕೈಕಾಲು ಮುಖ ತೊಳೆಯದೆ ಹೊಸ್ತಿಲು ದಾಟಿದರೆ ಅಜ್ಜಿಯರು ಸುಮ್ಮನಿರುತ್ತಿರಲಿಲ್ಲ. ಬೆಳಗಿನದು ಸಿದ್ಧತೆ, ಸಂಜೆಯದು ಶುದ್ಧಿ. ಶಾಸ್ತ್ರದ ಹೆಸರಿನಲ್ಲಿ ಹೇಳಿದ ಈ ಮಾತನ್ನು ಇಂದಿನ ಶರೀರವಿಜ್ಞಾನವೂ ಬೇರೆ ದಾರಿಯಿಂದ ಬಂದು ಒಪ್ಪುತ್ತದೆ.

ಚರ್ಮವು ಮೈಗೆ ಹೊದಿಸಿದ ಬರಿಯ ಬಟ್ಟೆಯಲ್ಲ. ಹೃದಯ, ಯಕೃತ್ತುಗಳಂತೆ ಅದೂ ಒಂದು ಅವಯವ. ಹೊರದೊಗಲಿನ ತಳದಲ್ಲಿ ಹುಟ್ಟಿದ ಜೀವಕೋಶವು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗಿ, ಜೀವವನ್ನು ಕಳೆದುಕೊಂಡು, ಸುಮಾರು ನಾಲ್ಕು ವಾರಗಳ ಮೇಲೆ ಕಣ್ಣಿಗೆ ಕಾಣದ ಹೊಟ್ಟಾಗಿ ಉದುರುತ್ತದೆ. ಮೇಲೆ ಉಳಿದಿರುವ ಈ ಸತ್ತ ಕೋಶಗಳ ಪದರವೇ ನಮ್ಮ ಕೋಟೆಯ ಗೋಡೆ. ಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಜಿಡ್ಡು ಗಾರೆ. ಗಾರೆ ಚೆನ್ನಾಗಿದ್ದರೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ವಿಷ ಒಳಗೆ ಬಾರದು. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿಯಾಗಿರುತ್ತದೆ. ರಸಾಯನಶಾಸ್ತ್ರದ ಪಿ.ಎಚ್. ಮಾನದಲ್ಲಿ ಅದು ಸುಮಾರು ೫. ನಮ್ಮ ಮನೆಗಳ ಸಾಮಾನ್ಯ ಸಾಬೂನು ೯ರಿಂದ ೧೦ರವರೆಗಿನ ಕ್ಷಾರ. ಸಾಬೂನಿನಿಂದ ಪದೇ ಪದೇ ಉಜ್ಜಿದರೆ ಕೊಳೆಯ ಜೊತೆಗೆ ಗಾರೆಯೂ ಹೋಗುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಈ ಅವಯವಕ್ಕೆ ಕಾಲದ ಪರಿಜ್ಞಾನವುಂಟು. ದೇಹದ ಜೀವಕೋಶಗಳಲ್ಲಿ ಹಗಲಿರುಳುಗಳನ್ನು ಎಣಿಸುವ ಒಂದು ಗಡಿಯಾರವಿದೆಯೆಂಬುದನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ, ಹಾಲ್, ರಾಸ್‌ಬಾಷ್, ಯಂಗ್ ಎಂಬವರಿಗೆ, ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಚರ್ಮದ ಗಡಿಯಾರ ಹೇಳುವುದಿಷ್ಟು: ಮುಖದ ಜಿಡ್ಡು ಹೆಚ್ಚಾಗಿ ಸ್ರವಿಸುವುದು ನಡುಹಗಲಿನಲ್ಲಿ, ರಾತ್ರಿ ಅದು ತಗ್ಗುತ್ತದೆ. ಸಂಜೆ ಮತ್ತು ರಾತ್ರಿ ಚರ್ಮದ ಮೂಲಕ ಆವಿಯಾಗಿ ಹೋಗುವ ನೀರು ಬೆಳಗಿನದಕ್ಕಿಂತ ಹೆಚ್ಚು. ೧೯೯೮ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಎಂದರೆ ಕೋಟೆಯ ಬಾಗಿಲು ರಾತ್ರಿ ಸ್ವಲ್ಪ ಓರೆಯಾಗಿ ತೆರೆದಿರುತ್ತದೆ. ಕಜ್ಜಿ ತುರಿಕೆಗಳು ಹಾಸಿಗೆ ಸೇರಿದ ಮೇಲೆ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ. ಹೊಸ ಕೋಶಗಳ ಹುಟ್ಟು, ಹಗಲಿನ ಗಾಯದ ರಿಪೇರಿ, ಇವು ರಾತ್ರಿಯ ಕೆಲಸಗಳು. ಹೀಗಾಗಿ ಬೆಳಿಗ್ಗೆ ಮಾಡುವುದೆಲ್ಲ ರಕ್ಷಣೆಗಾಗಿ, ಸಂಜೆ ಮಾಡುವುದೆಲ್ಲ ತೊಳೆಯುವುದಕ್ಕೂ ತುಂಬಿಸುವುದಕ್ಕೂ ಆಗಿರಬೇಕು. ಇಷ್ಟೇ ಸೂತ್ರ.

ಇನ್ನು ನಮ್ಮ ಸೀಮೆಯ ವಿಚಾರ. ೧೯೬೫ರವರೆಗೆ ಸೇಲಂ ಜಿಲ್ಲೆಗೂ, ೨೦೦೪ರವರೆಗೆ ಧರ್ಮಪುರಿ ಜಿಲ್ಲೆಗೂ ಸೇರಿ, ಆಮೇಲೆ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ಹೊಸೂರು ನೆಲದ ಹವೆ ಮಾತ್ರ ಸರ್ಕಾರದ ಯಾವ ಕಾಗದಕ್ಕೂ ಬಗ್ಗದೆ ಮೈಸೂರು ಪ್ರಸ್ಥಭೂಮಿಯದೇ ಆಗಿ ಉಳಿದಿದೆ. ಹೊಸೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಮೇಲಿದೆ. ಘಟ್ಟವಿಳಿದು ಕೃಷ್ಣಗಿರಿಗೆ ಹೋದರೆ ಸುಮಾರು ೫೦೦ ಮೀಟರು. ಮಾವಿನ ತೋಪುಗಳ ಕೃಷ್ಣಗಿರಿಯಲ್ಲಿ ಬೆವರು ಸುರಿಯುತ್ತಿರುವಾಗ ತಳಿಯಲ್ಲಿಯೂ ಡೆಂಕಣಿಕೋಟೆಯಲ್ಲಿಯೂ ಗಾಳಿ ತಣ್ಣಗೆ ಬೀಸುತ್ತಿರುತ್ತದೆ. ಈ ತಂಪೇ ನಮಗೆ ಮೋಸ ಮಾಡುವುದು. ತಂಪಾಗಿದೆಯೆಂದು ನಾವು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಚರ್ಮವನ್ನು ಕೆಡಿಸುವುದು ಬಿಸಿಲಿನ ಶಾಖಕ್ಕಿಂತ ಹೆಚ್ಚಾಗಿ ಅದರ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಸಾವಿರ ಮೀಟರು ಮೇಲೇರಿದರೆ ಅವುಗಳ ಬಲ ನೂರಕ್ಕೆ ಹತ್ತರಷ್ಟು ಏರುತ್ತದೆ. ಮಾರ್ಚಿಯಿಂದ ಮೇವರೆಗೆ ನಮ್ಮ ಅಕ್ಷಾಂಶದಲ್ಲಿ ನಡುಹಗಲಿನ ಅತಿನೇರಳೆ ಸೂಚ್ಯಂಕ ೧೧ನ್ನು ಮೀರುವುದುಂಟು. ೧೧ ಮತ್ತು ಅದರ ಮೇಲಿನದನ್ನು ಅತ್ಯಂತ ತೀವ್ರವೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆಯುತ್ತದೆ.

ಹಾಗಾದರೆ ಬೆಳಿಗ್ಗೆ ಮಾಡಬೇಕಾದುದೇನು? ಬಹಳವೇನೂ ಇಲ್ಲ. ರಾತ್ರಿಯೆಲ್ಲ ಹಾಸಿಗೆಯಲ್ಲಿದ್ದ ಮುಖಕ್ಕೆ ಅಂಥ ಕೊಳೆ ಹತ್ತಿರುವುದಿಲ್ಲ. ಜಿಡ್ಡು ಹೆಚ್ಚಾದ ತರುಣರು ಮೃದುವಾದ ಸಾಬೂನನ್ನು ಬಳಸಲಿ. ಒಣ ಚರ್ಮದವರಿಗೂ ವಯಸ್ಸಾದವರಿಗೂ ಬೆಳಗಿನ ಹೊತ್ತು ತಣ್ಣೀರೇ ಸಾಕು. ನಮ್ಮಲ್ಲಿ ಎಷ್ಟೋ ಊರುಗಳ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಕೊಡದೆ ಒಡೆದ ಹಾಲಿನಂತೆ ಕಟ್ಟಿಕೊಂಡು ಚರ್ಮದ ಮೇಲೆ ಉಳಿಯುತ್ತದೆ. ಮುಖ ಬಿಗಿದಂತಾಗುವುದು ಅದರಿಂದಲೇ. ಕಡಲೆಹಿಟ್ಟು, ಹೆಸರುಹಿಟ್ಟುಗಳು ಅಂಥ ನೀರಿಗೆ ಒಳ್ಳೆಯ ಜೊತೆ, ಒರಟಾಗಿ ಉಜ್ಜದೆ ಇದ್ದರೆ. ಅರಿಸಿನವನ್ನು ಕುರಿತು ತಾಯಂದಿರು ಕೇಳುತ್ತಾರೆ. ಒಗ್ಗಿಬಂದವರು ಹಚ್ಚಿಕೊಳ್ಳಲಿ, ಅಂಗಡಿಯ ಬಣ್ಣ ಬೆರಸಿದ ಪುಡಿ ಬೇಡ.

ಆದರೆ ಒಂದನ್ನು ಮಾತ್ರ ಬೆಳಿಗ್ಗೆ ಖಂಡಿತ ಕೂಡದು. ಬಂಗು ಹೋಗಲೆಂದು ನಿಂಬೆಹಣ್ಣಿನ ರಸವನ್ನು ಹಿಟ್ಟಿಗೆ ಬೆರಸಿ ಮುಖಕ್ಕೆ ಬಳಿದುಕೊಂಡು ಹೊರಗೆ ಹೋಗುವವರಿದ್ದಾರೆ. ನಿಂಬೆಯ ಜಾತಿಯ ಹಣ್ಣುಗಳಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಬಿಸಿಲು ತಾಗಿದೊಡನೆ ಚರ್ಮವನ್ನು ಸುಡುವ ಒಂದು ದ್ರವ್ಯವಿದೆ. ರಸ ಹರಿದ ಜಾಡಿನಲ್ಲಿಯೇ ಬೊಬ್ಬೆ ಎದ್ದು, ಆರಿದ ಮೇಲೆ ತಿಂಗಳುಗಟ್ಟಲೆ ಕಪ್ಪು ಗೆರೆ ನಿಲ್ಲುತ್ತದೆ. ಕಪ್ಪನ್ನು ಕಳೆಯಲು ಹೋಗಿ ಕಪ್ಪನ್ನು ಬರಸಿಕೊಂಡಂತಾಯಿತು.

ಮುಖ ತೊಳೆದ ಮೇಲೆ, ಒಣಗಿದ ಚರ್ಮದವರು ಸ್ವಲ್ಪ ತೇವ ಕೊಡುವ ಲೇಪವನ್ನು ಹಚ್ಚಿ, ಅದರ ಮೇಲೆ ಕೊನೆಯದಾಗಿ ಬಿಸಿಲು ತಡೆಯುವ ಲೇಪವನ್ನು, ಎಂದರೆ ಸನ್‌ಸ್ಕ್ರೀನ್ ಎನ್ನುವುದನ್ನು, ಹಚ್ಚಬೇಕು. ಅದರ ಮೇಲೆ ಎಸ್.ಪಿ.ಎಫ್. ೩೦ ಎಂದು ಬರೆದಿದ್ದರೆ, ಚರ್ಮವನ್ನು ಕೆಂಪಾಗಿಸುವ ಕಿರಣಗಳಲ್ಲಿ ಮೂವತ್ತರಲ್ಲಿ ಒಂದು ಪಾಲು ಮಾತ್ರ ಒಳಕ್ಕೆ ಹೋಗುತ್ತದೆಂದು ಅರ್ಥ. ಇದು ಪ್ರಯೋಗಶಾಲೆಯ ಲೆಕ್ಕ. ಅಲ್ಲಿ ಹಚ್ಚುವುದು ಚದರ ಸೆಂಟಿಮೀಟರಿಗೆ ೨ ಮಿಲಿಗ್ರಾಂ. ನಾವು ಹಚ್ಚುವುದು ಅದರ ಅರ್ಧವೋ ಕಾಲೋ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ಮುಖ ಕುತ್ತಿಗೆಗಳಿಗೆ ಸಾಕಾದೀತು. ಹೊರಗೆ ದುಡಿಯುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಬಂದವರಿಗೆ ಇದು ಸೌಂದರ್ಯಸಾಧನವಲ್ಲ, ಔಷಧವೇ. ಇದಿಲ್ಲದೆ ರಾತ್ರಿಯ ಯಾವ ಮುಲಾಮೂ ಫಲ ಕೊಡುವುದಿಲ್ಲ.

ಕೂಲಿಗೆ ಹೋಗುವ ಹೆಣ್ಣುಮಗಳು ಎರಡು ಗಂಟೆಗೊಮ್ಮೆ ಲೇಪ ಹಚ್ಚುವುದುಂಟೇ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆಕೆಗೆ ನಾನು ಹೇಳುವುದು ತಲೆಯ ಮೇಲಿನ ಸೆರಗನ್ನು, ಒತ್ತಾಗಿ ನೇಯ್ದ ತುಂಬುತೋಳಿನ ಹತ್ತಿ ಅಂಗಿಯನ್ನು. ಗದ್ದೆ ಹೊಲಗಳಲ್ಲಿ ನಮ್ಮ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುವುದನ್ನು ನೋಡಿ ಪೇಟೆಯವರು ನಗುತ್ತಾರೆ. ಅದಕ್ಕಿಂತ ಅಗ್ಗವೂ ಉತ್ತಮವೂ ಆದ ರಕ್ಷಣೆಯನ್ನು ಯಾವ ಕಂಪೆನಿಯೂ ಇನ್ನೂ ಮಾರಿಲ್ಲ.

ಸಂಜೆಯ ವಿಷಯ ಇದಕ್ಕಿಂತ ದೊಡ್ಡದು. ನಮ್ಮ ಸೀಮೆಯ ಜನ ಹಗಲೆಲ್ಲ ಏನೇನನ್ನು ಮೈಮೇಲೆ ಹೊತ್ತು ಮನೆಗೆ ಬರುತ್ತಾರೆಂಬುದನ್ನು ಯೋಚಿಸಿ. ಗುಲಾಬಿ ಬೆಳೆಯುವ ಪಾಲಿಹೌಸುಗಳಲ್ಲಿ ಕೆಲಸ ಮಾಡುವವರ ತೋಳಿನ ಮೇಲೆ ಕೀಟನಾಶಕದ ತುಂತುರು. ಕಲ್ಲುಕ್ವಾರಿಯವರ ಮುಖದ ಮೇಲೆ ಗ್ರಾನೈಟಿನ ಪುಡಿ. ಸಿಪ್ಕಾಟಿನ ಯಂತ್ರಶಾಲೆಗಳವರ ಕೈಯಲ್ಲಿ ಲೋಹ ಕೊರೆಯುವಾಗ ಸುರಿಯುವ ಎಣ್ಣೆ. ಬೆಂಗಳೂರಿಗೆ ಹೋಗಿಬರುವ ಗುಮಾಸ್ತರಿಗೆ ಹೆದ್ದಾರಿಯ ಹೊಗೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಒಂದು ಗಿಡ. ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ. ಮಧ್ಯ ಅಮೆರಿಕದ ಕಡೆಯ ಈ ಕಳೆಯನ್ನು ನಮ್ಮ ದೇಶದಲ್ಲಿ ೧೯೫೫-೫೬ರ ಸುಮಾರಿಗೆ ಪುಣೆಯಲ್ಲಿ ಗುರುತಿಸಿದರು. ಮುಂದೆ ಅದು ಬೆಂಗಳೂರಿನ ಸುತ್ತಿನ ಬಯಲನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನುವ ಒಂದು ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತನ್ನ ಕೈಲಾದಷ್ಟು ತಿಂದಿದೆ, ಗಿಡ ತನ್ನ ಕೈಲಾದಷ್ಟು ಬೆಳೆದಿದೆ. ಈ ಗಿಡದ ಒಣಗಿದ ಎಲೆ ಹೂವುಗಳ ಧೂಳು ಗಾಳಿಯಲ್ಲಿ ಹಾರಿಬಂದು ಮೈಗೆ ಕೂತರೆ ಅದರೊಳಗಿನ ಪಾರ್ಥೆನಿನ್ ಎಂಬ ದ್ರವ್ಯ ಕೆಲವರಿಗೆ ಒಗ್ಗದೆ ಕಜ್ಜಿಯನ್ನು ತರುತ್ತದೆ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಳಕೈಯ ಒಳಮಡಿಕೆ, ಇವು ಮೊದಲು ಕೆಂಪಾಗಿ ತುರಿಸಿ, ವರ್ಷಗಳು ಕಳೆದಂತೆ ಎಮ್ಮೆಯ ಚರ್ಮದಂತೆ ದಪ್ಪವಾಗುತ್ತವೆ. ಬಿಸಿಲು ಹತ್ತಿದರಂತೂ ಉಲ್ಬಣ. ಹೆಚ್ಚಾಗಿ ಇದಕ್ಕೆ ತುತ್ತಾಗುವವರು ನಡುವಯಸ್ಸು ದಾಟಿದ ರೈತರು. ರಾಗಿಯ ಹೊಲದ ಬದುವಿನಲ್ಲಿ ಐವತ್ತು ವರ್ಷ ನಡೆದ ಮನುಷ್ಯ ಆ ಬದುವಿಗೇ ಹೋಗಬೇಡವೆಂದರೆ ಎಲ್ಲಿಗೆ ಹೋಗಬೇಕು?

ಹೋಗಬೇಡವೆನ್ನುವ ಬದಲು ನಾನು ಹೇಳುವುದು ಬಂದೊಡನೆ ತೊಳೆಯಿರಿ ಎಂದು. ಧೂಳು ಚರ್ಮದ ಮೇಲೆ ಹೆಚ್ಚು ಹೊತ್ತು ಕೂತಷ್ಟೂ ಹೆಚ್ಚು ಒಳಕ್ಕಿಳಿಯುತ್ತದೆ. ರಾತ್ರಿ ಕೋಟೆಯ ಬಾಗಿಲು ಓರೆಯಾಗಿರುತ್ತದೆಂದು ಆಗಲೇ ಹೇಳಿದೆನಷ್ಟೆ. ಆ ಧೂಳಿನೊಂದಿಗೆ ಮಲಗುವುದು ಶತ್ರುವನ್ನು ಪಕ್ಕದಲ್ಲಿ ಮಲಗಿಸಿಕೊಂಡಂತೆ. ಬಟ್ಟೆ ಬದಲಾಯಿಸಿ, ತಲೆಯ ರುಮಾಲನ್ನು ದಿಂಬಿನ ಮೇಲೆ ಹಾಕದೆ, ಉಗುರುಬೆಚ್ಚಗಿನ ನೀರಿನಲ್ಲಿ ಮುಖ, ಕುತ್ತಿಗೆ, ತೋಳುಗಳನ್ನು ತೊಳೆಯಬೇಕು. ಸುಡುನೀರು ಬೇಡ, ಆ ಹೊತ್ತಿಗೆ ತುರಿಕೆ ಹಿತವೆನಿಸಿದರೂ ಗಾರೆಯೆಲ್ಲ ಕರಗಿಹೋಗುತ್ತದೆ. ಕಾರ್ಖಾನೆಯವರು ಕೈಯ ಎಣ್ಣೆಮಡ್ಡಿಯನ್ನು ಸೀಮೆಎಣ್ಣೆಯಿಂದಲೂ ಬಟ್ಟೆಸೋಡಾದಿಂದಲೂ ತೆಗೆಯುವುದನ್ನು ಕಂಡಿದ್ದೇನೆ. ಕೊಬ್ಬರಿ ಎಣ್ಣೆಯನ್ನು ತಿಕ್ಕಿ ಒರಸಿ ಆಮೇಲೆ ಸಾಬೂನು ಹಚ್ಚಿದರೆ ಮಡ್ಡಿಯೂ ಹೋಗುತ್ತದೆ, ಕೈಯೂ ಉಳಿಯುತ್ತದೆ.

ಹೆಂಗಸರು ಸಂಜೆ ತೆಗೆಯಬೇಕಾದ ಇನ್ನೊಂದು ವಸ್ತುವಿದೆ. ಅಂಟಿಸುವ ಬೊಟ್ಟು. ಇಂಥ ಕೆಲವು ಬೊಟ್ಟುಗಳ ಅಂಟಿನಲ್ಲಿರುವ ರಾಸಾಯನಿಕವೊಂದು ಚರ್ಮದ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. ಹಣೆಯ ನಡುವೆ ಬೊಟ್ಟಿನ ಅಳತೆಗೆ ಸರಿಯಾಗಿ ಬಿಳಿಯ ಮಚ್ಚೆ ಮೂಡಿದವರನ್ನು ತೊನ್ನೆಂದು ಹೆದರಿ ಮದುವೆಯ ಮಾತುಗಳೇ ಮುರಿದುಬೀಳುವುದುಂಟು. ಬಿಳುಪು ಕಂಡೊಡನೆ ಬೊಟ್ಟನ್ನು ಪೂರ್ತಿ ನಿಲ್ಲಿಸಬೇಕು. ಕಾಣದವರೂ ರಾತ್ರಿ ತೆಗೆದು ಕನ್ನಡಿಗೆ ಅಂಟಿಸಿಡಲಿ. ಮುಖವನ್ನು ತೊಳೆದು ಮಲಗಲಿ.

ತೊಳೆದಾದ ಮೇಲೆ, ನೀರಿನ ಪಸೆ ಆರುವ ಮೊದಲೇ ಎಣ್ಣೆಯನ್ನೋ ಲೇಪವನ್ನೋ ಹಚ್ಚಬೇಕು. ಕಾರ್ತಿಕದಿಂದ ಮಾಘದವರೆಗೆ ಬಾಗಲೂರು, ಕೆಲಮಂಗಲಗಳ ಕಡೆ ಬೀಸುವ ಒಣಗಾಳಿಗೆ ತುಟಿ ಬಿರಿದು, ಹಿಮ್ಮಡಿ ಸೀಳಿ, ಮೊಣಕಾಲಿನ ಕೆಳಗಿನ ಚರ್ಮ ಮೀನಿನ ಹುರುಪೆಯಂತಾಗುವುದು ನಮಗೆಲ್ಲ ಪರಿಚಿತವೇ. ಅದಕ್ಕೆ ಬೆಲೆಬಾಳುವ ಡಬ್ಬಿ ಬೇಕಾಗಿಲ್ಲ. ಫಿಲಿಪ್ಪೀನ್ಸಿನಲ್ಲಿ ೩೪ ಮಂದಿ ಒಣಚರ್ಮದವರಿಗೆ ಎರಡು ವಾರ ದಿನಕ್ಕೆರಡು ಬಾರಿ, ಕೆಲವರಿಗೆ ಕೊಬ್ಬರಿ ಎಣ್ಣೆಯನ್ನೂ ಕೆಲವರಿಗೆ ಖನಿಜತೈಲವನ್ನೂ ಹಚ್ಚಿ ನೋಡಿದ ಪರೀಕ್ಷೆಯ ಫಲ ೨೦೦೪ರಲ್ಲಿ ಪ್ರಕಟವಾಯಿತು. ಎರಡೂ ಸರಿಸಮವಾಗಿ ಗುಣ ಕೊಟ್ಟವು. ಹಿಮ್ಮಡಿಗಾದರೆ ಕಾಲನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಯಿಟ್ಟು, ಒರಸಿ, ಎಣ್ಣೆಯನ್ನೋ ವ್ಯಾಸಲೀನನ್ನೋ ತುಂಬಿ, ಹಳೆಯ ಕಾಲುಚೀಲ ಹಾಕಿ ಮಲಗಬೇಕು. ಎಣ್ಣೆಯ ಕೆಲಸಕ್ಕೆ ರಾತ್ರಿಯೇ ತಕ್ಕ ಕಾಲ. ಹಗಲು ಹಚ್ಚಿಕೊಂಡು ಬೀದಿಗಿಳಿದರೆ ಅದು ಧೂಳಿಗೆ ಅಂಟಾಗುತ್ತದೆ. ಮೊಡವೆಯುಳ್ಳ ಹುಡುಗ ಹುಡುಗಿಯರ ಮುಖಕ್ಕೆ ಮಾತ್ರ ಎಣ್ಣೆ ಬೇಡ, ತಲೆಗೆ ಹಚ್ಚಿದ್ದು ಹಣೆಗಿಳಿಯುವುದೂ ಬೇಡ.

ಈಗ ಟ್ಯೂಬಿನ ವಿಷಯಕ್ಕೆ ಬರುತ್ತೇನೆ.

ಆ ಟ್ಯೂಬಿನಲ್ಲಿ ಮೂರು ಔಷಧಗಳಿದ್ದವು. ಹೈಡ್ರೋಕ್ವಿನೋನ್ ಬಣ್ಣವನ್ನು ತಗ್ಗಿಸುವಂಥದು. ಟ್ರೆಟಿನೋಯಿನ್ 'ಎ' ಜೀವಸತ್ವದ ಸಂಬಂಧಿ, ಕೋಶಗಳ ಹುಟ್ಟನ್ನು ತ್ವರೆಗೊಳಿಸುತ್ತದೆ, ಬೆಳಕಿಗೆ ತಾನೇ ಕೆಡುತ್ತದೆ, ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ, ಗರ್ಭಿಣಿಯರಿಗೆ ಕೂಡದು. ಮೂರನೆಯದು ಸ್ಟೀರಾಯ್ಡ್. ಬಂಗಿಗೆ ಈ ಮೂರನ್ನು ಬೆರಸಿ ಕೊಡುವುದು ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ಪದ್ಧತಿಯೇ. ಆದರೆ ಅದು ರಾತ್ರಿಯ ಔಷಧ, ಕೆಲವು ವಾರಗಳ ಔಷಧ, ಹಗಲು ಬಿಸಿಲುತಡೆಯ ಕಾವಲಿರುವಾಗ ಮಾತ್ರ ಸಲ್ಲುವ ಔಷಧ. ಹಗಲು ಅದನ್ನು ಹಚ್ಚಿ ಬಿಸಿಲಿಗಿಳಿದರೆ ಕಾವಲುಗಾರನನ್ನು ಕೊಂದು ಬಾಗಿಲು ತೆರೆದಿಟ್ಟಂತೆ. ಸ್ಟೀರಾಯ್ಡ್ ಮೊದಲು ಕೆಂಪನ್ನು ಅಡಗಿಸಿ ಮುಖವನ್ನು ಬೆಳ್ಳಗೆ ನುಣ್ಣಗೆ ಮಾಡುತ್ತದೆ. ಆ ಹದಿನೈದು ದಿನಗಳ ಬೆಡಗಿಗೆ ಮರುಳಾಗದವರು ಕಡಮೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ಮೊಡವೆ ಏಳುತ್ತದೆ, ನಿಲ್ಲಿಸಿದರೆ ಉರಿದೇಳುತ್ತದೆ. ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಸಾರಾಯಿಯ ಚಟದಂತೆಯೇ ಇದು.

ಒಬ್ಬಿಬ್ಬರ ಕಥೆಯೆಂದು ತಿಳಿಯಬೇಡಿ. ನಮ್ಮ ದೇಶದ ೧೨ ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ಮುಖದ ಬೇನೆಯೆಂದು ಬಂದ ೨೯೨೬ ಮಂದಿಯನ್ನು ವಿಚಾರಿಸಿದಾಗ ೪೩೩ ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರೆಂದು ತಿಳಿದುಬಂದಿತು. ಈ ಸಮೀಕ್ಷೆ ೨೦೧೧ರಲ್ಲಿ ಪ್ರಕಟವಾಯಿತು. ಮೈಗೆ ಹಚ್ಚುವ ಮುಲಾಮುಗಳಿಗೆ ಅಲ್ಲಿಯವರೆಗೂ ಕಾನೂನಿನಲ್ಲಿ ಒಂದು ಸಡಿಲವಿತ್ತು. ಚರ್ಮವೈದ್ಯರ ಒತ್ತಾಯದ ಮೇಲೆ ೨೦೧೮ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ೧೪ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿಯಿದೆ, ಮಾರಾಟ ನಿಂತಿಲ್ಲವೆಂಬುದಕ್ಕೆ ನನ್ನಲ್ಲಿಗೆ ಬರುವ ಮುಖಗಳೇ ಸಾಕ್ಷಿ.

ಇನ್ನೊಂದು ಬಗೆ ಇದಕ್ಕಿಂತ ಘೋರ. ಯಾವ ಕಾರ್ಖಾನೆಯದೆಂಬ ವಿಳಾಸವೂ ಇಲ್ಲದೆ ಡಬ್ಬಿಗಳಲ್ಲಿ ಬರುವ ಬಿಳುಪಿನ ಕ್ರೀಮುಗಳು. ಇಂಥ ಕೆಲವುಗಳಲ್ಲಿ ಪಾದರಸವಿರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ೨೦೨೧ರಿಂದ ೨೦೨೩ರವರೆಗೆ ಒಂದು ವಿಧದ ಮೂತ್ರಪಿಂಡದ ಬೇನೆಯಿಂದ ಬಂದ ೨೨ ಮಂದಿಯನ್ನು ವೈದ್ಯರು ಪರೀಕ್ಷಿಸಿದಾಗ, ಅವರಲ್ಲಿ ೧೫ ಮಂದಿಗೆ ಆ ಬೇನೆಯ ಅಪರೂಪದ ಪ್ರಭೇದವಿತ್ತು. ಆ ೧೫ರಲ್ಲಿ ೧೩ ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡವನ್ನು ಮುಟ್ಟಿತು. ಬಿಳುಪು ಬೇಕೆಂಬ ಈ ಹಂಬಲಕ್ಕೆ ಬೇರು ಎಲ್ಲಿದೆಯೋ ಕಾಣೆ. ನಮ್ಮ ಭಾಷೆಯಲ್ಲಿ 'ಎಣ್ಣೆಗೆಂಪು' ಎಂಬ ಚೆಲುವಾದ ಮಾತಿದೆ. ಹೆಣ್ಣು ನೋಡಲು ಬರುವವರ ಬಾಯಲ್ಲಿ ಈಚೆಗೆ ಅದನ್ನು ಕೇಳಿಲ್ಲ. ಆ ಬಣ್ಣವನ್ನು ಕೊಡುವ ವರ್ಣದ್ರವ್ಯವೇ ಈ ಬಿಸಿಲಿನ ದೇಶದಲ್ಲಿ ನಮ್ಮನ್ನು ಕಾಯುತ್ತಿರುವುದು.

ಈಗಾಗಲೇ ಇಂಥದಕ್ಕೆ ಸಿಕ್ಕಿಕೊಂಡವರು ಇಂದು ಮನೆಗೆ ಹೋಗಿ ಟ್ಯೂಬನ್ನು ತಿಪ್ಪೆಗೆಸೆಯಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ಉರಿ ಕೆರಳುತ್ತದೆ. ಅದನ್ನು ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ. ಮೆಲ್ಲಮೆಲ್ಲನೆ ಬಿಡಿಸುವ ಕ್ರಮವಿದೆ. ಆ ಹುಡುಗಿಗೂ ಹಾಗೆಯೇ ಬಿಡಿಸಿದ್ದಾಯಿತು. ಐದಾರು ತಿಂಗಳು ಹಿಡಿಯಿತು. ಬೆಳಿಗ್ಗೆ ನೀರು ಮತ್ತು ಬಿಸಿಲುತಡೆ, ಸಂಜೆ ತೊಳೆದು ಸಾದಾ ಲೇಪ, ಇಷ್ಟೇ ಉಳಿಯಿತು. ಬಂಗಿನ ನೆರಳು ಇನ್ನೂ ಸ್ವಲ್ಪ ಇದೆ, ಉರಿ ಇಲ್ಲ. ಒಲೆಯ ಮುಂದೆ ಕುಳಿತು ಮುದ್ದೆ ತಿರುವುತ್ತಾಳೆಂದು ತಾಯಿ ಹೇಳಿದರು.

ಮುಗಿಸುವ ಮುನ್ನ ರಾತ್ರಿಪಾಳಿಯವರಿಗೆ ಒಂದು ಮಾತು. ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಇಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ರಾತ್ರಿ ದುಡಿದು, ಸೂರ್ಯ ಹುಟ್ಟಿದ ಮೇಲೆ ಬಸ್ಸಿಳಿದು ಬರುತ್ತಾರೆ. ಅವರು "ನಮಗೆ ಬೆಳಿಗ್ಗೆ ಯಾವುದು, ಸಂಜೆ ಯಾವುದು?" ಎಂದು ಕೇಳುತ್ತಾರೆ. ಗಡಿಯಾರವನ್ನು ನೋಡಬೇಡಿ, ನಿದ್ದೆಯನ್ನೂ ಬಿಸಿಲನ್ನೂ ನೋಡಿ. ಮಲಗುವುದಕ್ಕೆ ಮೊದಲು ಮಾಡುವುದು ಸಂಜೆಯ ಕ್ರಮ, ಅದು ಬೆಳಗಿನ ಎಂಟು ಗಂಟೆಯಾದರೂ ಸರಿಯೇ: ತೊಳೆಯುವುದು, ತೇವ ಕೊಡುವುದು. ವೈದ್ಯರು ಕೊಟ್ಟ ರಾತ್ರಿಯ ಮುಲಾಮಿದ್ದರೆ ಅದನ್ನು ಕೋಣೆಗೆ ಸೇರಿ, ಕಿಟಕಿಯ ಪರದೆ ಎಳೆದ ಮೇಲೆ ಹಚ್ಚಿ. ಅತಿನೇರಳೆಯ ಒಂದು ಬಗೆ ಗಾಜನ್ನು ದಾಟಿ ಬರುತ್ತದೆ. ಎದ್ದ ಮೇಲೆ ಮುಲಾಮನ್ನು ತೊಳೆದು, ಹೊರಗೆ ಇನ್ನೂ ಬಿಸಿಲಿದ್ದರೆ ಬಿಸಿಲುತಡೆಯನ್ನು ಹಚ್ಚಿ ಹೊರಡಿ. ಪಾಳಿ ಮುಗಿದು ಬರುವಾಗಿನ ಬಿಸಿಲಿಗೆ ತಲೆಯ ಮೇಲೆ ದುಪಟ್ಟಾ ಇರಲಿ.

ಕಾರ್ಯದರ್ಶಿಗಳ ಅಪ್ಪಣೆ ಪಡೆದಿದ್ದೇನೆ. ಸಭೆ ಮುಗಿದು ಫಲಾಹಾರ ನಡೆಯುವಾಗ ಪಕ್ಕದ ಕೊಠಡಿಯಲ್ಲಿ ಕುಳಿತಿರುತ್ತೇನೆ. ಚೀಲದಲ್ಲಿ ಟ್ಯೂಬನ್ನೋ ಡಬ್ಬಿಯನ್ನೋ ತಂದಿರುವ ತಾಯಂದಿರು ಸಂಕೋಚವಿಲ್ಲದೆ ಬರಬಹುದು. ನಾಳೆ ಮಕ್ಕಳ ಕೈಯಲ್ಲಿ ಕಳುಹಿಸಿದರೂ ಆದೀತು. ಹೆಸರಿನ ಕೊನೆಯಲ್ಲಿ 'ಸೋನ್' ಎಂದೋ 'ಸಾಲ್' ಎಂದೋ ಬರುವ ಔಷಧ, ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋ‌ಬೆಟಾಸಾಲ್ ಮುಂತಾದವು, ಅದರಲ್ಲಿದ್ದರೆ ಓದಿ ಹೇಳುತ್ತೇನೆ; ಹಗಲಿನದೋ ರಾತ್ರಿಯದೋ, ಎರಡೂ ಅಲ್ಲವೋ, ಅದನ್ನು ಮೇಲೆಯೇ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಪೆನ್ನು ತಂದಿದ್ದೇನೆ.